ಎರಡು ಬೆರಳು ಸಡಿಲ

ನಿನ್ನೆ ಹೊಟ್ಟೆಯನ್ನು ಎಷ್ಟು ಒಳಗೆಳೆದುಕೊಂಡಿದ್ದೆ ಎನ್ನುವುದು ಎಷ್ಟು ಯೋಚಿಸಿದರೂ ಸ್ಟೋರ್ ಗುಮಾಸ್ತನಿಗೆ ನೆನಪಾಗಲಿಲ್ಲ. ಸ್ಟೋರಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಕಬ್ಬಿಣದ ಬೀರುವಿನ ಕನ್ನಡಿಯ ಮುಂದೆ ನಿಂತು, ಅಂಗಿಯ ಅಂಚನ್ನು ಗಲ್ಲದಡಿ ಒತ್ತಿ ಹಿಡಿದುಕೊಂಡು, ಒಮ್ಮೆ ಪೂರ್ತಿ ಎಳೆದುಕೊಂಡು ನೋಡಿದ. ಇಷ್ಟಲ್ಲ, ಇಷ್ಟು ಎಳೆದರೆ ಪಕ್ಕೆಲುಬು ಎದ್ದು ಕಾಣುತ್ತದೆ, ಮನೆಯಲ್ಲಿ ಊಟ ಹಾಕದವನ ಹಾಗೆ ಕಾಣುತ್ತೇನೆ, ಯಾರಿಗಾದರೂ ಅನುಮಾನ ಬಂದೇ ಬರುತ್ತದೆ. ಸ್ವಲ್ಪ ಬಿಟ್ಟ. ಇಷ್ಟೂ ಅಲ್ಲ. ನಿನ್ನೆ ಎಳೆದುಕೊಂಡದ್ದು ಲೆಕ್ಕ ಹಾಕಿ ಎಳೆದುಕೊಂಡದ್ದಲ್ಲ. ಹಿರಿಯ ಮೇಡಂ ಟೇಪು ಹಿಡಿದು ಹತ್ತಿರ ಬಂದಾಗ ಹೊಟ್ಟೆ ತಾನಾಗಿಯೇ, ಮೇಲಧಿಕಾರಿ ಬಂದರೆ ಕುರ್ಚಿಯಿಂದ ಏಳುವ ಹಾಗೆ, ಒಳಕ್ಕೆ ಸರಿದು ನಿಂತಿತ್ತು. ಗೌರವ ಎಂದು ಬೇಕಾದರೆ ಹೇಳಬಹುದು. ಆ ಗೌರವದ ಫಲವಾಗಿ ಮೇಡಂ, ಕಿವಿ ಮತ್ತು ಭುಜದ ನಡುವೆ ಫೋನನ್ನು ಸಿಕ್ಕಿಸಿಕೊಂಡೇ, "ಎಂಬತ್ತೊಂಬತ್ತು ಪಾಯಿಂಟ್ ಆರು" ಎಂದು ಕೂಗಿದ್ದರು. ಯಾರೋ ಬರೆದುಕೊಂಡಿದ್ದರು. ಆ ಕ್ಷಣದಿಂದ ಅದೇ ಅವನ ಸೊಂಟದ ನಿಜವಾದ ಅಳತೆಯಾಗಿತ್ತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಇವತ್ತು ಹನ್ನೆರಡು ಜನ ಅದೇ ಸೊಂಟವನ್ನು ಅಳೆದು ಪರೀಕ್ಷೆ ಪಾಸಾಗಬೇಕಿತ್ತು.

ಅವನಿದ್ದ ಸಂಸ್ಥೆಯ ಕೆಲಸವೇ ಅಳೆಯುವುದು. ಮನೆಮನೆಗೆ ಜನರನ್ನು ಕಳಿಸಿ ಎತ್ತರ, ತೂಕ, ಸೊಂಟ, ನಿತಂಬ, ತೋಳಿನ ಚರ್ಮದ ದಪ್ಪ ಎಲ್ಲ ಅಳೆಸಿ ಬರೆದಿಟ್ಟುಕೊಂಡು, ಆಮೇಲೆ ವರ್ಷಗಟ್ಟಲೆ ಕಾದು ನೋಡುವುದು: ಯಾರಿಗೆ ಸಕ್ಕರೆ ಕಾಯಿಲೆ ಬಂತು, ಯಾರ ಹೃದಯ ಕೈಕೊಟ್ಟಿತು, ಯಾರು ಎಲ್ಲರ ಲೆಕ್ಕ ತಪ್ಪಿಸಿ ಗಟ್ಟಿಯಾಗಿದ್ದಾರೆ. ಹಾಗೆ ಕಳಿಸುವ ಮುಂಚೆ ಅಳೆಯುವವರ ಕೈಯನ್ನೇ ಅಳೆಯಬೇಕು. ಅದಕ್ಕೆ ಇಬ್ಬರು ಬೇಕು, ಸುಮ್ಮನೆ ನಿಂತುಕೊಳ್ಳುವುದಕ್ಕೆ. ಮೊದಲ ದಿನ ಹಿರಿಯ ಮೇಡಂ ಆ ಇಬ್ಬರನ್ನೂ ಅಳೆಯುತ್ತಾರೆ. ಮರುದಿನ ಕಲಿಯುವವರು ಒಬ್ಬೊಬ್ಬರಾಗಿ ಅಳೆದು ಮೇಡಂ ಹೇಳಿದ ಅಂಕಿಗೆ ಒಂದು ಸೆಂಟಿಮೀಟರಿನ ಒಳಗೆ ಬರಬೇಕು, ಇಬ್ಬರಲ್ಲೂ. ಪ್ರತಿ ಸಲ ನಿಲ್ಲುತ್ತಿದ್ದವರು ಜೀಪಿನ ಡ್ರೈವರು ಮತ್ತು ತೋಟದ ಮಾಲಿ. ಈ ಸಲ ಮಾಲಿ ಮಗಳ ಮನೆಗೆ ಹೋಗಿದ್ದ. ಕುರ್ಚಿ ಹೊತ್ತು ತರುತ್ತಿದ್ದ ಸ್ಟೋರ್ ಗುಮಾಸ್ತನನ್ನು ಮೇಡಂ ಕನ್ನಡಕದ ಮೇಲಿಂದ ನೋಡಿ, "ನೀವು ಬನ್ನಿ. ಗಾತ್ರ ಸರಿಯಾಗಿದೆ" ಎಂದಿದ್ದರು. ಯಾವುದಕ್ಕೆ ಸರಿಯಾಗಿದೆ ಎಂದು ಅವರು ಹೇಳಲಿಲ್ಲ, ಅವನು ಕೇಳಲಿಲ್ಲ, ಆದರೆ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಸಂಜೆಯತನಕ ಜೊತೆಯಲ್ಲೇ ನಡೆಯಿತು.

ಅದಕ್ಕೂ ಮೊದಲು ಆದ ಪಾಠವನ್ನು ಕೇಳಿಸಿಕೊಂಡದ್ದೇ ತಪ್ಪಾಯಿತು. ಕೇಳಬೇಕೆಂದೇನೂ ಇರಲಿಲ್ಲ, ಅವನು ಹಿಂದಿನ ಸಾಲಿನಲ್ಲಿ ಕುರ್ಚಿ ಎಣಿಸುತ್ತಿದ್ದ. ಆದರೆ ಸಂಜೆ ಕಾಲೇಜಿನಲ್ಲಿ ದುಡ್ಡು ಕೊಟ್ಟು ಓದಿದವನ ಕಿವಿ ಪುಕ್ಕಟೆ ಪಾಠ ಬಂದರೆ ಬಿಡುವುದಿಲ್ಲ. ಪರದೆಯ ಮೇಲೆ ತಲೆಯಿಲ್ಲದ ಒಬ್ಬ ಗಂಡಸಿನ ಚಿತ್ರವಿತ್ತು, ಸೊಂಟಕ್ಕೆ ಟೇಪು ಸುತ್ತಿತ್ತು, ತೊಂಬತ್ತರ ಮೇಲಿನದೆಲ್ಲ ಕೆಂಪು. ತೂಕವನ್ನು ನಂಬಿ ಕೂರಬೇಡಿ ಎಂದರು ಮೇಡಂ. ತೂಕ ಎಷ್ಟಿದೆ ಅಂತ ಹೇಳುತ್ತದೆ, ಎಲ್ಲಿದೆ ಅಂತ ಹೇಳುವುದಿಲ್ಲ. ತೊಡೆಯ ಮೇಲೆ, ಚರ್ಮದಡಿ ಕೂತ ಕೊಬ್ಬು ಬಹಳ ಮಟ್ಟಿಗೆ ಪಾಪದ್ದು. ಒಳಗೆ ಯಕೃತ್ತು ಕರುಳುಗಳ ಸುತ್ತ ಗುಟ್ಟಾಗಿ ಕೂತದ್ದು ಕೇಡಿ. "ಮೇಡಂ, ನಂದು ಪಾಪದ್ದಾ ಕೇಡಿದಾ?" ಎಂದು ಡ್ರೈವರು ಬಾಗಿಲ ಬಳಿಯಿಂದ ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿ ಕೇಳಿದ. ಎಲ್ಲರೂ ನಕ್ಕರು. "ಎರಡೂ ಇದೆ, ಸಂಕೋಚ ಬೇಡ" ಎಂದರು ಮೇಡಂ. ಗುಮಾಸ್ತ ಮಾತ್ರ ನಗಲಿಲ್ಲ. ಅವನು ಕುರ್ಚಿಯ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದ. "ಒಂದು ಮಾತು ನೆನಪಿಡಿ, ಈ ಗೆರೆ ಸಾವಿರ ಜನರ ಬಗ್ಗೆ ಹೇಳೋದು, ಒಬ್ಬರ ಜಾತಕ ಅಲ್ಲ" ಎಂದು ಮೇಡಂ ಕೊನೆಗೆ ಸೇರಿಸಿದರು. ಆದರೆ ಸಾವಿರ ಜನರಲ್ಲಿ ತಾನೂ ಒಬ್ಬನಲ್ಲವೇ, ಉಳಿದ ಒಂಬೈನೂರ ತೊಂಬತ್ತೊಂಬತ್ತು ಜನರ ಪರಿಚಯವೂ ತನಗಿಲ್ಲವಲ್ಲ ಎನಿಸಿತು ಅವನಿಗೆ.

ಅವನ ಅನುಮಾನಕ್ಕೆ ಹಳೆಯ ಪುರಾವೆಯೊಂದಿತ್ತು. ಹೋದ ತಿಂಗಳು ಸ್ಟೋರಿಗೆ ಹೊಸ ಯಂತ್ರ ಬಂದಿತ್ತು. ಬರಿಗಾಲಲ್ಲಿ ಹತ್ತಿ ನಿಂತು ಹಿಡಿಗಳನ್ನು ಹಿಡಿದರೆ ಮೈಯಲ್ಲಿ ಸಣ್ಣಗೆ ಕರೆಂಟು ಹಾಯಿಸಿ ಕೊಬ್ಬೆಷ್ಟು, ನೀರೆಷ್ಟು, ಸ್ನಾಯುವೆಷ್ಟು ಎಂದು ಚೀಟಿ ಕೊಡುವಂಥದ್ದು. ಸರಕು ಸರಿಯಿದೆಯೇ ಎಂದು ನೋಡುವುದು ತನ್ನ ಕರ್ತವ್ಯ ಎಂದುಕೊಂಡು ಹತ್ತಿದ್ದ. ಚೀಟಿಯ ಕೊನೆಯಲ್ಲಿ ದೇಹದ ವಯಸ್ಸು ಐವತ್ತೊಂಬತ್ತು ಎಂದಿತ್ತು. ಅವನಿಗೆ ನಲವತ್ತೇಳು. ಬ್ಯಾಟರಿ ಇಳಿದಿರಬೇಕು ಎಂದು ಹೊಸ ಬ್ಯಾಟರಿ ಹಾಕಿ ಮತ್ತೆ ಹತ್ತಿದ. ಅರವತ್ತು. ಬ್ಯಾಟರಿ ಹಾಕುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಆಮೇಲೆ ಆ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಮೇಲಿನ ಹಲಗೆಯ ತೀರಾ ಹಿಂದಕ್ಕೆ ತಳ್ಳಿ, ಅದರ ಮುಂದೆ ಹತ್ತಿಯ ಕಟ್ಟುಗಳನ್ನು ಜೋಡಿಸಿದ್ದ. ಆ ಯಂತ್ರದೆದುರು ಹೊಟ್ಟೆ ಒಳಗೆಳೆದುಕೊಂಡು ಪ್ರಯೋಜನವಿರಲಿಲ್ಲ. ಟೇಪು ಮನುಷ್ಯರದ್ದು, ಅದಕ್ಕೆ ದಾಕ್ಷಿಣ್ಯವಿತ್ತು.

ಹಾಗಾಗಿಯೇ ನಿನ್ನೆ ಸಂಜೆ ಅವನು ಮನೆಗೆ ಬಂದದ್ದು ಬರಿಗೈಯಲ್ಲಿ ಬಂದ ಹಾಗಿರಲಿಲ್ಲ. ಊಟಕ್ಕೆ ಕೂತು ಯಾರೂ ಕೇಳದಿದ್ದರೂ, "ಎಂಬತ್ತೊಂಬತ್ತು ಪಾಯಿಂಟ್ ಆರು" ಎಂದ.

"ಏನ್ರೀ ಅದು, ಪೆಟ್ರೋಲ್ ರೇಟಾ?" ಎಂದಳು ಹೆಂಡತಿ.

"ನನ್ನ ಸೊಂಟ. ಸೆಂಟಿಮೀಟರಲ್ಲಿ. ತೊಂಬತ್ತರ ಒಳಗಿದ್ರೆ ಒಳ್ಳೇದಂತೆ. ಒಳಗಿದೀನಿ."

ಅವಳು ಚಮಚ ಕೆಳಗಿಟ್ಟು ಅವನನ್ನು, ತರಕಾರಿಯವನ ತಕ್ಕಡಿಯನ್ನು ನೋಡುವ ಹಾಗೆ, ಎರಡೂ ಕಡೆಯಿಂದ ನೋಡಿದಳು. "ಯಾರು ಅಳೆದಿದ್ದು?"

"ಹಿರಿಯ ಮೇಡಂ. ಇಪ್ಪತ್ತೈದು ವರ್ಷದಿಂದ ಸೊಂಟ ಅಳೀತಾ ಇದಾರೆ ಅವರು."

"ಹಾಗಾದ್ರೆ ಸರೀನೇ ಇರ್ಬೇಕು ಬಿಡಿ. ಆ ಬೂದು ಪ್ಯಾಂಟು ಕೊಡಿ, ಸೊಂಟ ಹಿಡಿದು ಕೊಡ್ತೀನಿ. ದೊಗಳೆ ಪ್ಯಾಂಟು ಹಾಕ್ಕೊಂಡು ಓಡಾಡಿದ್ರೆ ನೋಡಿದವರು ನಾನು ನಿಮ್ಮನ್ನ ಉಪವಾಸ ಕೆಡವಿದೀನಿ ಅಂದ್ಕೋತಾರೆ."

ಅವಳ ಮುಖದಲ್ಲಿ ನಗುವಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ನಗದೆ ಇರುವಾಗ ನಗುತ್ತಿದ್ದಾಳೋ ಇಲ್ಲವೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಬೇಡ ಎಂದರೆ ಅಳತೆ ಸುಳ್ಳೆಂದು ಒಪ್ಪಿದ ಹಾಗೆ, ಕೊಟ್ಟ. ಬೆಳಿಗ್ಗೆ ಪ್ಯಾಂಟು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು, ಹಿಂಬದಿಯಲ್ಲಿ ಹೊಸ ಹೊಲಿಗೆಯ ಗೆರೆ. ಉಸಿರು ಬಿಗಿಹಿಡಿದು ಹುಕ್ಕು ಹಾಕಿದ. ಮೈಯ ಮೇಲಿನ ಅರ್ಧ ಭಾಗಕ್ಕೂ ಕೆಳಗಿನ ಅರ್ಧ ಭಾಗಕ್ಕೂ ಮಾತುಕತೆ ನಿಂತುಹೋದ ಹಾಗಾಯಿತು. "ಚೆನ್ನಾಗಿ ಕೂತಿದೆ" ಎಂದಳು ಅವಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವನು ನಿಂತೇ ಬಂದಿದ್ದ.

ಪರೀಕ್ಷೆ ಶುರುವಾಯಿತು. ಉದ್ದದ ಹಾಲಿನಲ್ಲಿ ಎರಡು ಪರದೆ ಕಟ್ಟಿ ಎರಡು ಗೂಡು ಮಾಡಿದ್ದರು. ಒಂದರಲ್ಲಿ ಡ್ರೈವರು, ಒಂದರಲ್ಲಿ ಇವನು. ಕಲಿಯುವವರು ಒಬ್ಬೊಬ್ಬರಾಗಿ ಬಂದು, ಕೊನೆಯ ಪಕ್ಕೆಲುಬನ್ನೂ ಸೊಂಟದ ಮೂಳೆಯ ಅಂಚನ್ನೂ ಬೆರಳಲ್ಲಿ ಹುಡುಕಿ, ಎರಡರ ನಡುವೆ ಪೆನ್ನಿನಿಂದ ಚುಕ್ಕೆಯಿಟ್ಟು, ಟೇಪು ಸುತ್ತಿ, "ಕೈ ಇಳಿಬಿಡಿ ಸಾರ್, ಆರಾಮಾಗಿ ಉಸಿರು ಬಿಡಿ ಸಾರ್" ಎಂದು ಬಾಯಿಪಾಠ ಒಪ್ಪಿಸಿ, ಅವನು ಬಿಟ್ಟನೋ ಇಲ್ಲವೋ ನೋಡದೆ ಅಂಕಿ ಓದಿ ಹೋಗುತ್ತಿದ್ದರು. ಅವನು ಮೂಗಿನಿಂದ ಸದ್ದು ಮಾಡಿ ಉಸಿರು ಬಿಟ್ಟ ಹಾಗೆ ನಟಿಸುತ್ತಿದ್ದ, ಹೊಟ್ಟೆ ಮಾತ್ರ ಇದ್ದಲ್ಲೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂದು ತನ್ನನ್ನೇ ಬೈದುಕೊಂಡ. ಆದರೆ ತಾನು ಸುಳ್ಳು ಹೇಳುತ್ತಿಲ್ಲ, ನಿನ್ನೆಯ ಸುಳ್ಳನ್ನು ಇವತ್ತು ಪ್ರಾಮಾಣಿಕವಾಗಿ ನಡೆಸಿಕೊಂಡು ಹೋಗುತ್ತಿದ್ದೇನೆ ಅಷ್ಟೆ, ಬಿಟ್ಟುಬಿಟ್ಟರೆ ಪಾಪ ಇವರೆಲ್ಲ ಫೇಲಾಗುತ್ತಾರೆ, ಇವರ ಹೊಟ್ಟೆಪಾಡಿಗಾಗಿ ತಾನು ಹೊಟ್ಟೆ ಹಿಡಿದು ನಿಂತಿದ್ದೇನೆ ಎಂದೂ ಸಮಾಧಾನ ಹೇಳಿಕೊಂಡ. ಪಕ್ಕದ ಪರದೆಯಿಂದ ಡ್ರೈವರಿನ ದನಿ ಕೇಳುತ್ತಿತ್ತು. "ಹೆದ್ರಬೇಡಿ ತಾಯಿ, ಸುತ್ತು ಹಾಕಿ ಬನ್ನಿ, ದಾರಿ ದೂರ ಇದೆ, ಮಧ್ಯದಲ್ಲಿ ಬೇಕಾದ್ರೆ ನೀರು ಕುಡೀರಿ." ಬಿಡುವಿನಲ್ಲಿ ಡ್ರೈವರು ಪರದೆ ಸರಿಸಿ ಇಣುಕಿದ. "ಏನ್ ಸ್ಟೋರಣ್ಣ, ಮುಖ ಯಾಕೆ ಬದನೆಕಾಯಿ ಬಣ್ಣ ಆಗಿದೆ? ನಿಂತ್ಕೊಳ್ಳೋಕೆ ಹೇಳಿದ್ದು ಕಣಣ್ಣ, ಹೆರೋಕಲ್ಲ."

ಆ ಮನುಷ್ಯನನ್ನು ನೋಡಿದರೆ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಷ್ಟು ದೊಡ್ಡ ಹೊಟ್ಟೆಯನ್ನು ನಾಚಿಕೆಯಿಲ್ಲದೆ, ಸಾಕಿದ ನಾಯಿಯ ಹಾಗೆ ಮುಂದೆ ಬಿಟ್ಟುಕೊಂಡು ಓಡಾಡುವುದು ಹೇಗೆ ಸಾಧ್ಯ? ಗುಮಾಸ್ತನ ಸ್ವಂತ ಅಪ್ಪನಿಗೂ ಹೊಟ್ಟೆಯಿತ್ತು. ಕೈಕಾಲು ಕಡ್ಡಿ, ನಡುವೆ ಮಾತ್ರ ಅಂಗಿಯೊಳಗೆ ಏನೋ ಬಚ್ಚಿಟ್ಟುಕೊಂಡು ಹೊರಟವನ ಹಾಗೆ ಗುಂಡಗೆ. ಅಪ್ಪ ತೂಕದ ಯಂತ್ರ ಕಂಡಲ್ಲೆಲ್ಲ ನಾಣ್ಯ ಹಾಕಿ ಹತ್ತುತ್ತಿದ್ದ, ಇಳಿದು, "ಅರವತ್ತೆರಡು! ಮದುವೆಯಲ್ಲಿ ಎಷ್ಟಿದ್ದೆನೋ ಅಷ್ಟೇ!" ಎಂದು ಸಾಲಿನಲ್ಲಿ ನಿಂತ ಅಪರಿಚಿತರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ. ಇವನು ಚಿಕ್ಕವನಿದ್ದಾಗ ಆ ಹೊಟ್ಟೆಯ ಮೇಲೆ ಕಿವಿಯಿಟ್ಟು ಮಲಗಿದರೆ ಒಳಗೆ ದೂರದ ರೈಲು ಹೋದ ಹಾಗೆ ಕೇಳುತ್ತಿತ್ತು. ಒಂದು ದಿನ ಕೆಲಸಕ್ಕೆ ಹೊರಟು, ಬೂಟಿನ ದಾರ ಕಟ್ಟಲು ಬಗ್ಗಿದ ಅಪ್ಪ ಹಾಗೇ ಮುಂದಕ್ಕೆ ಬಾಗಿ ಬಿದ್ದ. ಆಗ ಅಪ್ಪನ ವಯಸ್ಸು ಐವತ್ತೆರಡು. ಅವತ್ತೂ ತೂಕ ಅರವತ್ತೆರಡೇ ಇದ್ದಿರಬೇಕು. "ಅಂಥ ತೂಕದವನಿಗೆ ಹೀಗಾಯ್ತಲ್ಲ" ಎಂದು ಬಂದವರೆಲ್ಲ ಅಂದರು. ಇವನು ಮಾತ್ರ ಇವತ್ತಿಗೂ ದಾರವಿಲ್ಲದ ಬೂಟನ್ನೇ ಕೊಳ್ಳುತ್ತಾನೆ.

"ಅಣ್ಣಾ, ಬರ್ಲಾ?"

ಕೊನೆಗೆ ಉಳಿದವಳು. ಉಳಿದವರೆಲ್ಲ ಕಾಲೇಜು ಮುಗಿಸಿ ಬಂದ ಎಳೆಯರು; ಇವಳೊಬ್ಬಳೇ ಅವನ ಓರಗೆಯವಳು, ಕುತ್ತಿಗೆಗೆ ಕನ್ನಡಕವನ್ನು ದಾರದಲ್ಲಿ ನೇತುಹಾಕಿಕೊಂಡವಳು. ದರ್ಜಿ ಅಂಗಡಿಯೊಂದರಲ್ಲಿ ಬಹಳ ಕಾಲ ಕೆಲಸ ಮಾಡಿದ್ದವಳು ಎಂದು ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಹಿಂದಿನ ಎರಡು ಸಲವೂ ಅವಳು ಅದೇ ಕಾರಣಕ್ಕೆ ಫೇಲಾಗಿದ್ದಳು. ದರ್ಜಿಗಳು ಟೇಪಿನೊಳಗೆ ಎರಡು ಬೆರಳು ತೂರಿಸಿ ಅಳೆಯುತ್ತಾರೆ, ಹಾಕಿಕೊಂಡವರಿಗೆ ಉಸಿರಾಡಲು ಜಾಗವಿರಲಿ ಎಂದು. ಇಲ್ಲಿ ಹಾಗೆ ಮಾಡಿದರೆ ಆರೋಗ್ಯವಂತರೆಲ್ಲ ರೋಗಿಗಳಾಗಿಬಿಡುತ್ತಾರೆ. ಆ ಬೆರಳುಗಳನ್ನು ಬಿಡಿಸಲು ಅವಳು ಮನೆಯಲ್ಲಿ ನೀರಿನ ಕೊಡ, ಕಂಬ, ಅತ್ತೆ, ಸಿಕ್ಕಿದ್ದನ್ನೆಲ್ಲ ಅಳೆದು ಅಭ್ಯಾಸ ಮಾಡಿದ್ದಳಂತೆ.

ಅವಳು ಬೇರೆಯವರ ಹಾಗೆ ಬಾಯಿಪಾಠ ಒಪ್ಪಿಸಲಿಲ್ಲ. ಮೊದಲು ಪ್ಯಾಂಟನ್ನು ನೋಡಿದಳು. "ಯಾಕಣ್ಣ ಇಷ್ಟು ಬಿಗಿ? ಹುಕ್ಕು ಬಿಚ್ಕೊಳ್ಳಿ ಒಂದು ನಿಮಿಷ. ಹೊಸ ಹೊಲಿಗೆ ಅಲ್ವಾ ಇದು, ಮನೇದು." ಅವನು ಬಿಚ್ಚಿದ. ಹೊಟ್ಟೆಯನ್ನು ಮಾತ್ರ ಇನ್ನಷ್ಟು ಬಿಗಿಹಿಡಿದ. ಅವಳು ಚುಕ್ಕೆಯಿಟ್ಟು, ಟೇಪು ಸುತ್ತಿ, ಮಂಡಿಯೂರಿ, ಸುತ್ತಲೂ ಟೇಪು ಮಟ್ಟವಾಗಿದೆಯೇ ಎಂದು ನೋಡಿ, ಓದದೆ ಸುಮ್ಮನೆ ಕಾದಳು. ಕಾದಳು ಎಂದರೆ ಕಾದಳು. ಮೊಸರು ಹೆಪ್ಪಾಗಲು ಕಾಯುವವಳ ಹಾಗೆ. ಅವನ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಆಗ ಅವಳು, ಟೇಪಿನಿಂದ ಕಣ್ಣು ತೆಗೆಯದೆ, ಹರಟೆಗೆಂಬಂತೆ ಕೇಳಿದಳು: "ನಿಮ್ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ, ಹಾರ್ಟಿಂದು ಏನಾದ್ರೂ ಇತ್ತಾ ಅಣ್ಣ?"

"ನಮ್ಮಪ್ಪ..." ಎಂದ.

ಆ ಮಾತನ್ನು ಉಸಿರು ಹಿಡಿದುಕೊಂಡು ಹೇಳಲು ಬರುವುದಿಲ್ಲ. ತುಟಿ ಸೇರುತ್ತವೆ, ಬಿಡುತ್ತವೆ, ಅದರ ಹಿಂದೆಯೇ ಬೆಳಗಿನಿಂದ ಕೂಡಿಟ್ಟದ್ದೆಲ್ಲ ಹೊರಟುಹೋಗುತ್ತದೆ. "ತೊಂಬತ್ತನಾಲ್ಕು ಪಾಯಿಂಟ್ ಒಂದು" ಎಂದು ಅವಳು ಮೆಲ್ಲಗೆ ಓದಿ ಬರೆದುಕೊಂಡಳು.

ನಿಯಮದ ಪ್ರಕಾರ ಎರಡನೆಯ ಸಲ ಅಳೆಯಬೇಕು. ಅವಳಿಗೆ ಸಹಾಯವಾಗಲಿ ಎಂದು ಅವನು ಈ ಸಲ ಜೀವ ಒತ್ತೆಯಿಟ್ಟು ಎಳೆದುಕೊಂಡ. ತೊಂಬತ್ತು. ಅವಳು ಟೇಪನ್ನು ನೋಡಿದಳು, ತನ್ನ ಬೆರಳುಗಳನ್ನು ನೋಡಿದಳು, ಕನ್ನಡಕ ಒರೆಸಿಕೊಂಡಳು. ಎರಡು ಅಳತೆ ಒಂದಕ್ಕೊಂದು ಕೂಡದಿದ್ದರೆ ಮೂರನೆಯದು. ಅವಳ ಕೈ ಸಣ್ಣಗೆ ನಡುಗುತ್ತಿತ್ತು. ಆ ನಡುಕ ಟೇಪಿನ ಮೂಲಕ ಅವನ ಹೊಟ್ಟೆಗೆ ತಿಳಿಯಿತು, ಮತ್ತು ಹೊಟ್ಟೆ, ಅದಕ್ಕೂ ಒಂದು ಮರ್ಯಾದೆ ಇದೆಯಲ್ಲ, ಅವನ ಮಾತು ಕೇಳದೆ ಇಳಿದುಬಿಟ್ಟಿತು. ತೊಂಬತ್ತನಾಲ್ಕೂ ಚಿಲ್ಲರೆ. "ಏನಾಗ್ತಿದೆ ನನ್ನ ಕೈಗೆ" ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡದ್ದು ಅವನಿಗೆ ಕೇಳಿಸಿತು. ಅವನು ಹುಕ್ಕು ಹಾಕಿಕೊಂಡ.

ಮಧ್ಯಾಹ್ನ ಮೇಡಂ ಎಲ್ಲರನ್ನೂ ಕೂರಿಸಿ ಫಲಿತಾಂಶ ಓದಿದರು. ಹನ್ನೊಂದು ಜನ ಪಾಸು. ಆಮೇಲೆ ಕನ್ನಡಕ ತೆಗೆದು ಅವಳತ್ತ ನೋಡಿದರು.

"ಎರಡನೇ ಸಲ ಅಲ್ವಾ ನೀವು ಬರ್ತಿರೋದು?"

"ಮೂರನೇದು ಮೇಡಂ."

"ಡ್ರೈವರದ್ದು ಸರಿಯಾಗಿ ಬಂದಿದೆ. ಸ್ಟೋರಿನವರದ್ದು ನಾಲ್ಕೂವರೆ ಜಾಸ್ತಿ. ಮತ್ತದೇ ಎರಡು ಬೆರಳು. ನಾವಿಲ್ಲಿ ಪ್ಯಾಂಟು ಹೊಲೀತಾ ಇಲ್ಲಮ್ಮ."

ಇಡೀ ಹಾಲ್ ನಕ್ಕಿತು. ಅವಳೂ ನಕ್ಕಳು. ಎಲ್ಲರಿಗಿಂತ ಹೆಚ್ಚು ಹೊತ್ತು ಅವಳೇ ನಕ್ಕಳು. "ಕೈಗೆ ಅಭ್ಯಾಸ ಮೇಡಂ, ಬಿಟ್ರೂ ಅದು ಬಿಡಲ್ಲ" ಎಂದಳು. ಹಿಂದಿನಿಂದ ಡ್ರೈವರು, "ನನ್ನ ಹೊಟ್ಟೆ ಯಾರಿಗೂ ಮೋಸ ಮಾಡಲ್ಲ ಮೇಡಂ, ಬರೆದಿಟ್ಕೊಳ್ಳಿ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಗುಮಾಸ್ತನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಯಾರೂ ನೋಡಲಿಲ್ಲ. ಯಾರಾದರೂ ನೋಡಿದ್ದರೆ ಚೆನ್ನಾಗಿತ್ತು ಎಂದೂ ಒಂದು ಕ್ಷಣ ಅನ್ನಿಸಿತು.

ಸ್ಟೋರಿಗೆ ಟೇಪು ಹಿಂದಿರುಗಿಸಲು ಅವಳೇ ಮೊದಲು ಬಂದಳು. ಉಳಿದವರು ಟೇಪನ್ನು ಮುದ್ದೆ ಮಾಡಿ ಎಸೆದು ಹೋಗುವವರು. ಇವಳು ಬಿಗಿಯಾಗಿ ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ ಮೇಜಿನ ಮೇಲಿಟ್ಟಳು. "ನಿಮ್ಮನ್ನ ಅಷ್ಟು ಹೊತ್ತು ನಿಲ್ಲಿಸಿಬಿಟ್ಟೆ ಅಣ್ಣ. ಹೊಟ್ಟೆಗೆ ಹಾಕ್ಕೊಳ್ಳಿ."

ಈಗಾಗಲೇ ಹಾಕಿಕೊಂಡದ್ದಕ್ಕೇ ಜಾಗವಿಲ್ಲ ತಾಯಿ ಎಂದು ಹೇಳಬೇಕೆನಿಸಿತು. "ಇನ್ನೊಂದ್ಸಲ ಬರೀಬಹುದಲ್ಲ ಪರೀಕ್ಷೆ?" ಎಂದ.

"ಮೂರಾದ್ಮೇಲೆ ಕರೆಯಲ್ವಂತೆ. ಇರ್ಲಿ ಬಿಡಿ. ಅಂಗಡೀಲಿ ಈಗ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಸಾಲಲ್ಲ, ಗುಂಡಿ ಕಾಜಾ ಸೊಟ್ಟ ಹೋಗುತ್ತೆ, ಮಾಲೀಕ ಮುಖ ಗಂಟು ಹಾಕ್ಕೋತಾನೆ. ಟೇಪಿನ ಅಂಕಿ ದೊಡ್ಡದಲ್ವಾ, ಇದಾದ್ರೂ ಆಗುತ್ತೆ ಅಂದ್ಕೊಂಡಿದ್ದೆ." ಬಾಗಿಲ ತನಕ ಹೋಗಿ ತಿರುಗಿದಳು. "ಒಂದು ಮಾತು ಹೇಳ್ಲಾ? ಆ ಪ್ಯಾಂಟಿನ ಹೊಲಿಗೆ ಬಿಚ್ಚಿಸಿ ಹೊಲಿಸಿಕೊಳ್ಳಿ. ರಕ್ತ ಓಡಾಡಲ್ಲ."

ಅವಳು ಹೋದ ಮೇಲೆ ಅವನು ಕೂರಲು ಹೋದ, ಪ್ಯಾಂಟು ಬಿಡಲಿಲ್ಲ, ನಿಂತ. ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಹನ್ನೊಂದು ಜನರ ಶಾಪ, ಮೇಡಂ ಅಳೆದದ್ದೇ ತಪ್ಪು ಎಂದ ಹಾಗೆ, ಇಪ್ಪತ್ತೈದು ವರ್ಷದ ಕೈ ಅದು. ಹೇಳದಿದ್ದರೆ, ನಷ್ಟ ಒಬ್ಬಳಿಗೆ. ಹನ್ನೊಂದು ದೊಡ್ಡದೋ ಒಂದು ದೊಡ್ಡದೋ? ಅವನು ಸಂಜೆ ಕಾಲೇಜಿನಲ್ಲಿ ಓದಿದ ಗಣಿತ ಹನ್ನೊಂದು ಎನ್ನುತ್ತಿತ್ತು. ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು: ಆ ಹನ್ನೊಂದು ಜನ ನಾಳೆಯಿಂದ ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯಲ್ಲೂ ತನ್ನಂಥ ಒಬ್ಬ ಗಂಡಸು, ತನ್ನ ಅಪ್ಪನಂಥ ಒಬ್ಬ ಗಂಡಸು, ಟೇಪು ಕಂಡ ತಕ್ಷಣ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ. ಇವರು ಬಾಯಿಪಾಠ ಒಪ್ಪಿಸಿ ಓದಿಕೊಂಡು ಬರುತ್ತಾರೆ. ಎಲ್ಲರೂ ತೊಂಬತ್ತರ ಒಳಗೆ. ಎಲ್ಲರೂ ಕ್ಷೇಮ. ಆಮೇಲೆ ಒಂದೊಂದು ಬೆಳಿಗ್ಗೆ ಒಬ್ಬೊಬ್ಬರು ಬೂಟಿನ ದಾರಕ್ಕೆ ಬಗ್ಗುತ್ತಾರೆ.

ಮೇಡಂ ತಮ್ಮ ಕೋಣೆಯಲ್ಲಿ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು.

"ಮೇಡಂ, ನನ್ನನ್ನು ಇನ್ನೊಂದ್ಸಲ ಅಳೀಬೇಕು."

"ಯಾಕೆ?"

"ಸುಮ್ನೆ ಮೇಡಂ."

ಬಿಸ್ಕತ್ತು ಮುರಿದು ಚಹಾದಲ್ಲಿ ಮುಳುಗಿತು. ಮೇಡಂ ಅದನ್ನೂ ಅವನನ್ನೂ ಒಂದೇ ಬೇಸರದಿಂದ ನೋಡಿ, ಎದ್ದು, ಟೇಪು ತೆಗೆದುಕೊಂಡರು. ಅವನು ಅಂಗಿ ಎತ್ತಿ, ಪ್ಯಾಂಟಿನ ಪಟ್ಟಿಯನ್ನು ಕೆಳಕ್ಕೆ ತಳ್ಳಿಕೊಂಡು ನಿಂತ. ಟೇಪು ಸುತ್ತಿತು. "ಉಸಿರು ಬಿಡಿ." ಬಿಡಬೇಕೆಂದೇ ಬಂದವನು, ಆದರೆ ಮೇಡಂ ಹತ್ತಿರ ಬಂದ ಕೂಡಲೇ ಹೊಟ್ಟೆ ಎದ್ದು ಗೌರವ ಕೊಟ್ಟುಬಿಟ್ಟಿತ್ತು. ಕೂತ್ಕೋ ಎಂದರೆ ಕೂರುತ್ತಿಲ್ಲ. "ಉಸಿರು ಬಿಡಿ ಅಂದೆ." "ಬಿಡ್ತಾ ಇದೀನಿ ಮೇಡಂ." ನಲವತ್ತೇಳು ವರ್ಷದಿಂದ ಫೋಟೋ ತೆಗೆಯುವವರ ಮುಂದೆ, ಹೆಣ್ಣು ನೋಡಲು ಹೋದಾಗ, ಸಾಹೇಬರ ಬಾಗಿಲಲ್ಲಿ, ಕನ್ನಡಿಯೆದುರು ಎಳೆದುಕೊಂಡೇ ಬಂದದ್ದು, ಬಿಡುವ ದಾರಿಯೇ ಅವನಿಗೆ ಗೊತ್ತಿರಲಿಲ್ಲ. ಮೇಡಂ ತಾಳ್ಮೆಗೆಟ್ಟು ಟೇಪಿನ ಅಂಕಿಯತ್ತ ಬಾಗಿದರು. ಇನ್ನೊಂದು ಕ್ಷಣಕ್ಕೆ ಎಂಬತ್ತೊಂಬತ್ತು ಪಾಯಿಂಟ್ ಆರು ಮತ್ತೆ ನಿಜವಾಗಿಬಿಡುತ್ತಿತ್ತು.

"ಅಪ್ಪ" ಎಂದ ಅವನು, ಗಟ್ಟಿಯಾಗಿ.

ಉಸಿರು ಹೋಯಿತು. ಹೊಟ್ಟೆ ಬಂತು. ಹೆಂಡತಿಯ ಹೊಲಿಗೆ ಗಟ್ಟಿಯಿತ್ತು, ಹುಕ್ಕು ಗಟ್ಟಿಯಿರಲಿಲ್ಲ; ಅದು ಕಿತ್ತು ಹಾರಿ ಚಹಾ ಕಪ್ಪಿನಡಿಯ ಬಸಿಗೆ ಬಡಿದು ಟಣ್ ಎಂದಿತು. ಕೆಳಗೆ ಜಾರುತ್ತಿದ್ದ ಪ್ಯಾಂಟನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಏನಂದ್ರಿ?"

"ಏನಿಲ್ಲ ಮೇಡಂ."

ಮೇಡಂ ಟೇಪನ್ನು ಬಹಳ ಹೊತ್ತು ನೋಡಿದರು. ತೊಂಬತ್ತನಾಲ್ಕು ಪಾಯಿಂಟ್ ಎರಡು. "ನಿನ್ನೆ ಊಟ ಜೋರಾಗಿತ್ತಾ?" ಎಂದರು. ಅದು ಬಾಗಿಲು, ಅವನಿಗಾಗಿಯೂ ತಮಗಾಗಿಯೂ ಅವರು ತೆರೆದು ಹಿಡಿದ ಬಾಗಿಲು ಎಂದು ಅವನಿಗೆ ತಿಳಿಯಿತು. ಹೌದು ಎಂದರೆ ಸಾಕು, ಮೂವರೂ ಮರ್ಯಾದೆಯಿಂದ ಮನೆಗೆ ಹೋಗಬಹುದು. ಅವನು, ಮೇಡಂ, ಮತ್ತು ಅವನ ಹೊಟ್ಟೆ. ಅವಳೊಬ್ಬಳನ್ನು ಬಿಟ್ಟು.

"ಇಲ್ಲ ಮೇಡಂ. ನಿನ್ನೆ ಇದು ಇರ್ಲಿಲ್ಲ. ಅಂದ್ರೆ, ಇತ್ತು. ಒಳಗಿಟ್ಟಿದ್ದೆ."

"ಬೆಳಿಗ್ಗೆ ಪಾಸಾದ ಹನ್ನೊಂದು ಜನ?"

"ಅವರು ಅಳೆದಿದ್ದು ಹೊಟ್ಟೆ ಅಲ್ಲ ಮೇಡಂ. ನನ್ನ ಮರ್ಯಾದೆ."

ಮೇಡಂ ಕುರ್ಚಿಯಲ್ಲಿ ಕೂತರು. ಬೈಯುತ್ತಾರೆಂದು ಕಾದ. ಅವರು ಚಮಚದಿಂದ ಬಿಸ್ಕತ್ತಿನ ಹೆಣವನ್ನು ಮೇಲೆತ್ತಿ ಬಸಿಯಲ್ಲಿಟ್ಟರು. "ನಾನೂ ಫೋನಲ್ಲಿದ್ದೆ" ಎಂದರು, ಅವನಿಗಲ್ಲ, ಬಸಿಗೆ ಹೇಳಿದ ಹಾಗೆ. ಆಮೇಲೆ ಅದೇ ಹಳೆಯ ದನಿಯಲ್ಲಿ: "ಹೋಗಿ, ಆ ಹೆಂಗಸನ್ನ ಕರೀರಿ, ಬಸ್ಸು ಹತ್ತೋಕೆ ಮುಂಚೆ. ಆ ಹನ್ನೊಂದನ್ನೂ ಕರೀರಿ. ಅವರು ಮತ್ತೆ ಅಳೀಲಿ. ನೀವು ನಿಲ್ತೀರಿ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ರಕ್ತ ಕೊಟ್ಟು ಬನ್ನಿ. ಟೇಪು ಭವಿಷ್ಯ ಹೇಳಲ್ಲ ಕಣ್ರೀ, ಹೋಗಿ ಪರೀಕ್ಷೆ ಮಾಡಿಸ್ಕೋ ಅನ್ನುತ್ತೆ ಅಷ್ಟೆ. ಅದಕ್ಕೆ ಯಾಕೆ ಇಷ್ಟು ಹೆದರ್ತೀರಿ?"

ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವನು ಗೇಟಿನ ತನಕ ಓಡಿದ್ದನ್ನು ಇಡೀ ಸಂಸ್ಥೆ ಕಿಟಕಿಯಲ್ಲಿ ನಿಂತು ನೋಡಿತು. "ಸ್ಟೋರಣ್ಣನ ಹೊಟ್ಟೆ ಬಿಡುಗಡೆ ಆಯ್ತು!" ಎಂದು ಡ್ರೈವರು ಕೂಗಿದ. ಅವಳು ಬಸ್ಸಿಗೆ ಕಾಯುತ್ತಿದ್ದಳು. "ನಿಮ್ಮದೇ ಸರಿ. ತೊಂಬತ್ತನಾಲ್ಕೇ. ಪಾಸು" ಎಂದು ಏದುಸಿರಿನ ನಡುವೆ ಒಂದೊಂದಾಗಿ ಹೇಳಿದ. ಅವಳು ಮೊದಲು ನಂಬಲಿಲ್ಲ. ತನ್ನ ಎರಡು ಬೆರಳುಗಳನ್ನು ಎತ್ತಿ, ಯಾರದೋ ಬೆರಳುಗಳ ಹಾಗೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಅವನ ಮುಷ್ಟಿಯನ್ನು ನೋಡಿದಳು.

ಪರೀಕ್ಷೆಯ ಹಾಲಿನಲ್ಲಿ ಹನ್ನೊಂದು ಮುಖಗಳು ಊದಿಕೊಂಡು ಸಾಲಾಗಿ ನಿಂತಿದ್ದವು. ಅವನು ಪರದೆಯೊಳಗೆ ಹೋಗಿ ನಿಂತ. "ಕೈ ಇಳಿಬಿಡಿ ಸಾರ್" ಎಂದಳು ಸಾಲಿನ ಮೊದಲ ಹುಡುಗಿ, ಹಲ್ಲು ಕಚ್ಚಿ. ಅದೇ ಸಮಸ್ಯೆ. ಕೈ ಇಳಿಬಿಟ್ಟರೆ ಪ್ಯಾಂಟು ಇಳಿಯುತ್ತದೆ, ಪ್ಯಾಂಟು ಹಿಡಿದರೆ ನಿಯಮ ತಪ್ಪುತ್ತದೆ. ಅವನು ದಿಕ್ಕುತೋಚದೆ ಮೇಡಂನತ್ತ ನೋಡಿದ, ಮೇಡಂ ಗೋಡೆಯತ್ತ ನೋಡಿದರು.

"ಒಂದು ನಿಮಿಷ" ಎಂದು ದರ್ಜಿ ಅಂಗಡಿಯವಳು ಸಾಲು ದಾಟಿ ಮುಂದೆ ಬಂದಳು. ಸೆರಗಿನ ಒಳಗಿಂದ ಒಂದು ದೊಡ್ಡ ಸೇಫ್ಟಿ ಪಿನ್ನು ಬಿಚ್ಚಿಕೊಂಡು, ಕನ್ನಡಕ ಏರಿಸಿ, ಪ್ಯಾಂಟಿನ ಎರಡು ತುದಿಗಳನ್ನು ಹತ್ತಿರ ತಂದಳು. ಅವನ ಹೊಟ್ಟೆ ಹಳೆಯ ಅಭ್ಯಾಸದಿಂದ ಒಳಗೆ ಸರಿಯಲು ಹೊರಟಿತು, ಅವಳು ಗೊಣಗಿದಳು, "ಇರ್ಲಿ ಅಣ್ಣ, ಇದ್ದ ಹಾಗೇ ಇರ್ಲಿ." ಪಿನ್ನು ಚುಚ್ಚುವ ಮುಂಚೆ, ಯಾರಿಗೂ ಕಾಣದ ಹಾಗೆ, ಪಟ್ಟಿಯೊಳಗೆ ಬೆರಳು ತೂರಿಸಿ ನೋಡಿಕೊಂಡಳು.

"ಎರಡು ಬೆರಳು ಸಡಿಲ ಬಿಟ್ಟಿದೀನಿ" ಎಂದಳು ಮೆಲ್ಲಗೆ. "ಮೇಡಂಗೆ ಹೇಳ್ಬೇಡಿ."

ಅವನು ಎರಡೂ ಕೈ ಇಳಿಬಿಟ್ಟ.